ಗೋಡೆಯಾಚೆಯ ಯೆಟ್ ಸರ್

"ನಾಟ್ ಯೆಟ್, ಸರ್!"

ಬೆಳಗಿನ ಪ್ರೇಯರ್ ಮುಗಿಸಿ, ನನ್ನ ಕ್ಲಾಸಿನ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ ಈ ಕೂಗು ಬರುತ್ತಿತ್ತು. ಒಂದು ಕ್ಲಾಸಿನ ಹುಡುಗಿಯರೆಲ್ಲ ಒಂದೇ ದನಿಯಲ್ಲಿ, "ಯೆಟ್" ಅನ್ನುವುದನ್ನು ಸ್ವಲ್ಪ ಎಳೆದು, ಕೊನೆಯ "ಸರ್" ಅನ್ನು ಧೊಪ್ಪನೆ ಇಳಿಸಿ ಕೂಗುತ್ತಿದ್ದರು. ಕೊಟ್ಟೂರಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲು ಹಿಂದೊಮ್ಮೆ ಹತ್ತಿಯ ಗೋದಾಮಾಗಿತ್ತು. ನಡುವೆ ಗೋಡೆ ಎಬ್ಬಿಸಿ ಕೋಣೆಗಳನ್ನು ಮಾಡಿದ್ದರು, ಆದರೆ ಗೋಡೆ ಮೇಲಿನ ತಗಡನ್ನು ಮುಟ್ಟುತ್ತಿರಲಿಲ್ಲ. ಆ ಸಂದಿಯಲ್ಲಿ ಗುಬ್ಬಿ ಓಡಾಡುತ್ತಿದ್ದವು, ಸೀಮೆಸುಣ್ಣದ ಧೂಳು ಓಡಾಡುತ್ತಿತ್ತು, ಪಕ್ಕದ ಕ್ಲಾಸಿನ ಪಾಠವೂ ಓಡಾಡುತ್ತಿತ್ತು. ಹಾಗಾಗಿ ಆ ಕ್ಲಾಸಿನ ಸರ್ ಅವರನ್ನು ನಾನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಬಲ್ಲೆ. ಅವರೂ ನಾನೂ ಅದೇ ಇಂಗ್ಲಿಷ್ ಕಲಿಸುತ್ತಿದ್ದೆವು, ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು.

ಹೋದ ತಿಂಗಳು ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, "ಟೀಚರ್, ಯೆಟ್ ಸರ್ ಹೋಗಿಬಿಟ್ರಂತ್ರಿ" ಎಂದಳು. ಅವಳಿಗೂ ಈಗ ಮೊಮ್ಮಕ್ಕಳು ಬರುವ ವಯಸ್ಸು. ಆದರೂ ಬಾಯಿಗೆ ಬಂದದ್ದು ಆ ಅಡ್ಡಹೆಸರೇ. ನಾನು ಫೋನ್ ಇಟ್ಟು ಹಾಗೇ ಕೂತೆ. ಈ ವಯಸ್ಸಿನಲ್ಲಿ ಇಂಥ ಸುದ್ದಿ ಬಂದಾಗ ಅಳು ಬರುವುದಿಲ್ಲ, ದಣಿವು ಬರುತ್ತದೆ. ಮೆಟ್ಟಿಲು ಹತ್ತಿ ಬಂದವರಿಗೆ ಇನ್ನೊಂದು ಅಂತಸ್ತು ಇದೆ ಎಂದು ಹೇಳಿದ ಹಾಗೆ.

ಆ ಹೆಸರು ಬಂದದ್ದು ಹಾಜರಿಯಿಂದ. ಬೇರೆ ಕ್ಲಾಸುಗಳಲ್ಲಿ ಬಾರದ ಹುಡುಗಿಯ ಹೆಸರು ಕರೆದರೆ ಗೆಳತಿಯರು "ಆಬ್ಸೆಂಟ್" ಅನ್ನುತ್ತಿದ್ದರು. ಅವರ ಕ್ಲಾಸಿನಲ್ಲಿ ಆ ಪದಕ್ಕೆ ಪ್ರವೇಶವಿರಲಿಲ್ಲ. "ಆಬ್ಸೆಂಟ್ ಅಂದ್ರ ಬಾಗಲಾ ಹಾಕಿದಂಗ" ಎಂದು ಅವರು ಹೇಳಿದ್ದು ನನಗೂ ಕೇಳಿಸಿತ್ತು. "ಪಾಪ, ಅಕಿ ಬಸ್ಸಿನಾಗ ಅದಾಳೋ, ಒಲಿ ಮುಂದ ಅದಾಳೋ. ನಾಟ್ ಯೆಟ್ ಅನ್ರಿ. ಬಾಗಲಾ ತೆಗದಿರ್ಲಿ." ಕೂಡ್ಲಿಗಿ ಕಡೆಯ ಬಸ್ಸು ತಡವಾದ ದಿನ ಆ ಕೂಗು ಮತ್ತೆ ಮತ್ತೆ ಬರುತ್ತಿತ್ತು. ಶೇಂಗಾ ಬಿಡಿಸುವ ಕಾಲದಲ್ಲಿ ಅರ್ಧ ಕ್ಲಾಸು ಇನ್ನರ್ಧ ಕ್ಲಾಸಿನ ಪರವಾಗಿ ನಾಟ್ ಯೆಟ್ ಎಂದು ಕೂಗುತ್ತಿತ್ತು. ನನ್ನ ಕ್ಲಾಸಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನಾನು ಸ್ಕೇಲಿನಿಂದ ಟೇಬಲ್ ತಟ್ಟಿ "ಸೈಲೆನ್ಸ್" ಅನ್ನುತ್ತಿದ್ದೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿ ಬಂದವಳು ನಾನು, ಶಿಸ್ತು ಅಂದರೆ ಸೈಲೆನ್ಸ್ ಎಂದೇ ತಿಳಿದಿದ್ದೆ.

ಅವರು ಗುಡೇಕೋಟೆಯವರು. ಕುರುಚಲು ಗುಡ್ಡದ ಬುಡದಲ್ಲಿ ಮೇಕೆ ಕಾಯುವ ಮನೆ. ಅಲ್ಲಿಂದ ಬಿ.ಎ., ಬಿ.ಎಡ್. ಮಾಡಿಕೊಂಡು ಬಂದು ನಮ್ಮಲ್ಲಿ ಸೇರಿದ್ದರು. ತೆಳ್ಳಗೆ, ಉದ್ದಕ್ಕೆ, ಅಂಗಿಯ ತೋಳನ್ನು ಮಡಿಸದೆ ಗುಂಡಿ ಹಾಕಿಕೊಳ್ಳುತ್ತಿದ್ದರು. ಬಿಸಿಲಲ್ಲೂ ಹಾಗೇ. ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು, ಹೊಸ ಮದುಮಗಳ ಹಾಗೆ. ಬೋರ್ಡಿನ ಮೇಲೆ ಬರೆದದ್ದನ್ನು ಡಸ್ಟರಿನಿಂದ ಒರೆಸುವುದಕ್ಕೆ ಮೊದಲು ಒಂದು ಸಲ ಹಿಂದಕ್ಕೆ ಸರಿದು ನೋಡುತ್ತಿದ್ದರಂತೆ, ಬಿಟ್ಟು ಹೋಗಲು ಮನಸ್ಸಿಲ್ಲದವರ ಹಾಗೆ. ಇದು ಹುಡುಗಿಯರು ಹೇಳಿದ್ದು, ನನಗೆ ಗೋಡೆ ಅಡ್ಡ.

ನಮ್ಮದು ಏಡೆಡ್ ಶಾಲೆ. ಅಂದರೆ ಸರ್ಕಾರ ಒಪ್ಪಿದ ಹುದ್ದೆಗೆ ಸರ್ಕಾರದ ಸಂಬಳ, ಒಪ್ಪದ ಹುದ್ದೆಗೆ ಆಡಳಿತ ಮಂಡಳಿಯವರು ಕೊಟ್ಟಷ್ಟು. ನನ್ನ ಹುದ್ದೆಗೆ ಅಪ್ರೂವಲ್ ಇತ್ತು. ಅವರದಕ್ಕೆ ಇರಲಿಲ್ಲ. "ಒಂದೆರಡು ವರ್ಷದಾಗ ಅಪ್ರೂವಲ್ ಬರ್ತೈತ್ರಿ, ಧೈರ್ಯದಿಂದ ಬರ್ರಿ" ಎಂದು ಸೆಕ್ರೆಟರಿ ಹೇಳಿ ಕರೆತಂದಿದ್ದರು. ಆ ಅಪ್ರೂವಲ್ ಬಂದರೆ ಅವರು ಮೇಷ್ಟರು. ಸಂಬಳ, ಪೆನ್ಷನ್, ಊರಲ್ಲಿ ಒಂದು ಮರ್ಯಾದೆ. ಬಾರದಿದ್ದರೆ ಎಷ್ಟು ವರ್ಷ ಕಲಿಸಿದರೂ ಕಾಗದದ ಮೇಲೆ ಅವರು ಇಲ್ಲ. ಅವರ ಬದುಕಿನಲ್ಲಿ ಕಾಯುವುದು ಇದ್ದದ್ದು ಈ ಒಂದಕ್ಕೇ.

ನಮ್ಮಿಬ್ಬರ ನಡುವೆ ಇಂಗ್ಲಿಷಿನಲ್ಲೇ ಮಾತು. ಅದು ನಾನು ಹಾಕಿದ ನಿಯಮ. ಆಡದಿದ್ದರೆ ಭಾಷೆ ತುಕ್ಕು ಹಿಡಿಯುತ್ತದೆ ಎಂದು ಮೊದಲ ದಿನವೇ ಹೇಳಿದ್ದೆ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಜೂನ್‌ನಲ್ಲಿ ಶಾಲೆ ತೆರೆದ ದಿನ ನಾನು ಸ್ಟಾಫ್ ರೂಮಿನಲ್ಲಿ ಕೊಡೆ ಮಡಿಸುತ್ತಾ, "ಎನಿ ನ್ಯೂಸ್?" ಅನ್ನುತ್ತಿದ್ದೆ. ಅವರು ಎದ್ದು ನಿಂತು, "ನಾಟ್ ಯೆಟ್, ಮೇಡಂ" ಅನ್ನುತ್ತಿದ್ದರು. ಮಾಮೂಲಿ ನಮಸ್ಕಾರದ ಹಾಗೆ ಇದು ವರ್ಷ ವರ್ಷ ನಡೆಯಿತು.

ಯೆಟ್ ಮತ್ತು ಸ್ಟಿಲ್ ಅವರ ಪಾಲಿಗೆ ವ್ಯಾಕರಣವಾಗಿರಲಿಲ್ಲ, ಗೀಳು. ಅದಕ್ಕೆ ಕಾರಣವೂ ಇತ್ತು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ "ಇನ್ನೂ" ಅನ್ನುವುದು ಒಂದೇ ಪದ. "ಇನ್ನೂ ಅದಾನ" ಅಂದರೂ ಇನ್ನೂ, "ಇನ್ನೂ ಬಂದಿಲ್ಲ" ಅಂದರೂ ಇನ್ನೂ. ಇಂಗ್ಲಿಷಿಗೆ ಬಂದಾಗ ಅದನ್ನು ಎರಡು ಹೋಳು ಮಾಡಬೇಕು, ಮಕ್ಕಳು ಯಾವ ಹೋಳು ಎಲ್ಲಿಗೆ ಎಂದು ತಿಳಿಯದೆ ಕೈಗೆ ಸಿಕ್ಕಿದ್ದನ್ನು ಹಚ್ಚಿಬಿಡುತ್ತಿದ್ದರು. ಹೆಡ್‌ಮಿಸ್ ಎಲ್ಲಿ ಎಂದರೆ "ಶಿ ಈಸ್ ಯೆಟ್ ಇನ್ ದಿ ಆಫೀಸ್" ಅನ್ನುತ್ತಿದ್ದರು.

ಒಂದು ದಿನದ ಪಾಠ ನನಗೆ ಮಾತು ಮಾತೂ ನೆನಪಿದೆ. ಆ ದಿನ ನನ್ನ ಕ್ಲಾಸಿಗೆ ಟೆಸ್ಟ್ ಕೊಟ್ಟು ಕೂತಿದ್ದೆ, ಹಾಗಾಗಿ ಈಚೆ ಸದ್ದಿರಲಿಲ್ಲ. ಆಚೆ ಅವರು, "ನಮ್ಮ ಅಜ್ಜ ಇನ್ನೂ ಬದುಕಿದ್ದಾನೆ, ಇಂಗ್ಲಿಷಿನಾಗ ಹೇಳ್ರಿ" ಎಂದರು. ಒಬ್ಬಳು ಎದ್ದಳು, ಹಗರಿಬೊಮ್ಮನಹಳ್ಳಿ ರಸ್ತೆಯ ಹಳ್ಳಿಯೊಂದರ ಹುಡುಗಿ, ಗಟ್ಟಿ ಗಂಟಲು.

"ಮೈ ಗ್ರ್ಯಾಂಡ್‌ಫಾದರ್ ಈಸ್ ನಾಟ್ ಯೆಟ್ ಡೆಡ್, ಸರ್."

"ಹೌದೇನವ್ವಾ? ಯಾವಾಗ ಐತಿ ಮತ್ತ ಕಾರ್ಯ?"

ಕ್ಲಾಸು ನಕ್ಕಿತು. "ನಾಟ್ ಯೆಟ್ ಅಂದ್ರ ಆಗೋದು ಐತಿ, ಆಗಿಲ್ಲ ಅಂತ. ನೀ ಅಜ್ಜನ ಸಾವಿಗೆ ದಾರಿ ನೋಡಾಕತ್ತಿದಂಗ ಆತು. ಬ್ಯಾರೆ ಹೇಳು."

ಹುಡುಗಿ ಸ್ವಲ್ಪ ಯೋಚಿಸಿದಳು. "ಮೈ ಗ್ರ್ಯಾಂಡ್‌ಫಾದರ್ ಸ್ಟಿಲ್ ಹ್ಯಾಸ್ ನಾಟ್ ಡೈಡ್, ಸರ್."

"ಅಯ್ಯಯ್ಯ. ಇದು ಅದಕಿಂತ ಖರಾಬ್. ಇಷ್ಟೊತ್ತಿಗೆ ಹೋಗಬೇಕಿತ್ತು, ಹೋಗವಲ್ಲ ಅಂತ ಬೇಸರ ಮಾಡಿಕೊಂಡಂಗ ಆತು. ಏನ್ ಮಾಡ್ಯಾನ ನಿಮ್ಮಜ್ಜ ನಿಮಗ?"

"ಹೊಲ ಅವನ ಹೆಸರಿನಾಗ ಐತ್ರಿ ಸರ್. ನಮ್ಮ ಕಾಕಾರೂ ಹಂಗ ಅಂತಾರ್ರಿ."

ಆಚೆ ಏನಾಯಿತೋ, ಈಚೆ ನನ್ನ ಹುಡುಗಿಯರು ಟೆಸ್ಟ್ ಪೇಪರಿನ ಮೇಲೆ ತಲೆಯಿಟ್ಟು ನಕ್ಕರು. ನಾನೂ ನಕ್ಕೆ, ಕರ್ಚೀಫ್ ಅಡ್ಡ ಹಿಡಿದು. ಸುಮಾರು ಹೊತ್ತಿನ ಮೇಲೆ ಅವರ ದನಿ ಬಂತು, ಮೆಲ್ಲಗೆ. "ಸ್ಟಿಲ್ ಅಲೈವ್ ಅನ್ರಿ. ಅಜ್ಜ ಇನ್ನೂ ಅದಾನ. ಅಷ್ಟ. ಇರ್ಲಿ ಪಾಪ."

ಅದೇ ದಿನವೋ, ಅದರ ಮರುದಿನವೋ ಅವರು ಮೇಕೆಯ ಕತೆ ಹೇಳಿದರು. ಗುಡೇಕೋಟೆಯಲ್ಲಿ ಸಂಜೆ ಮೇಕೆಗಳು ಗುಡ್ಡದಿಂದ ಇಳಿಯುವ ಹೊತ್ತಿಗೆ ಅವರ ಅಪ್ಪ ದೊಡ್ಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಎಲ್ಲ ಬಂದು ಒಂದು ಮಾತ್ರ ಹಿಂದೆ ಉಳಿದಿರುತ್ತಿತ್ತು. "ಇನ್ನೂ ಬಂದಿಲ್ಲ" ಎಂದು ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ಗುಡ್ಡ ನೋಡುತ್ತಿದ್ದರಂತೆ. ಹೊತ್ತು ಮುಳುಗುವವರೆಗೂ ಹಾಗೆ. ಆಮೇಲೆ ಒಳಗೆ ಹೋಗಿ ಕೋಲು ತಂದು, ಮತ್ತೆ ಅದೇ ಮಾತು ಅನ್ನುತ್ತಿದ್ದರಂತೆ, "ಇನ್ನೂ ಬಂದಿಲ್ಲ."

"ಮಾತು ಅದ, ಮನಶಾ ಅವನ, ಮೇಕಿನೂ ಅದ" ಎಂದರು ಅವರು. "ಕಣ್ಣು ಗುಡ್ಡದ ಮ್ಯಾಲೆ ಇದ್ರ ಯೆಟ್. ಕೈಯಾಗ ಕೋಲು ಬಂತಂದ್ರ ಸ್ಟಿಲ್. ತಿಳೀತೇನು? ಬಾಯಿ ನೋಡಬ್ಯಾಡ್ರಿ, ಕೈ ನೋಡ್ರಿ."

ನಾನು ಎಷ್ಟೋ ಗ್ರಾಮರ್ ಪುಸ್ತಕ ಓದಿದ್ದೇನೆ. ಸಿಸ್ಟರುಗಳು ಆ ಎರಡು ಆ್ಯಡ್ವರ್ಬುಗಳಿಗೆ ಒಂದು ಪುಟ ಬರೆಸಿದ್ದರು. ಇದು ಯಾವುದರಲ್ಲೂ ಇರಲಿಲ್ಲ ಎಂದು ಹೇಳಲಾರೆ, ಇದೇ ಇತ್ತು. ಮೇಕೆ ಇರಲಿಲ್ಲ ಅಷ್ಟೆ.

ಸ್ಟಾಫ್ ರೂಮಿನಲ್ಲಿ ಅವರನ್ನು ಕಾಡುತ್ತಿದ್ದವರು ನಮ್ಮ ಕನ್ನಡ ಪಂಡಿತರು. ಹಡಗಲಿ ತಾಲೂಕಿನ ಹೊಳಲಿನವರು, ತಾಂಬೂಲ, ತಮಾಷೆ. "ಏನ್ರಿ ಯೆಟ್ ಸರ್, ನಿಮ್ಮ ಇಂಗ್ಲಿಷಿನವರು ಎಷ್ಟು ಬಡವರ್ರಿ. ನಾವು ಒಂದು ಇನ್ನೂದಾಗ ಸಂಸಾರ ಮುಗಿಸ್ತೀವಿ. ಅವರಿಗೆ ಎರಡು ಬೇಕು" ಎಂದು ಒಂದು ದಿನ ಚುಚ್ಚಿದರು.

ಇವರು ಟಿಫಿನ್ ಡಬ್ಬಿಯ ಮುಚ್ಚಳ ಹಾಕುತ್ತಾ ಹೇಳಿದರು, "ಹಂಗಲ್ರಿ ಪಂಡಿತರ. ಎರಡು ಇದ್ದಾಗ ಯಾವ್ದು ಅಂತ ಹೇಳಾಕ ಬೇಕು. ಮನಸಿನಾಗಿಂದು ಗೊತ್ತಾಗಿಬಿಡ್ತೈತಿ. ನಮ್ಮದು ಒಂದ ಐತಿ. ಒಳಗ ಏನರ ಮುಚ್ಚಿಟ್ಟಕೋಬಹುದು."

ಪಂಡಿತರಿಗೆ ಅದು ಹಿಡಿಸಿತು. "ಅಂದ್ರ ಕನ್ನಡಕ್ಕ ಕಿಸೆ ಐತಿ ಅನ್ರಿ" ಎಂದು ನಕ್ಕು ಎದ್ದು ಹೋದರು.

ನಾನು ಅವರಿಗೆ ಹೇಳಿಕೊಟ್ಟದ್ದು ಒಂದಿದೆ. ಯೆಟ್ ಎಂದರೆ ಪ್ರಶ್ನೆಯಲ್ಲಿ, ಇಲ್ಲವೇ ನಾಟ್ ಜೊತೆಗೆ, ಎಂದು ಅವರು ಖಚಿತವಾಗಿ ನಂಬಿದ್ದರು. ನಾನು ಕಾನ್ವೆಂಟಿನಲ್ಲಿ ಲೆಕ್ಕದಲ್ಲಿ ದಡ್ಡಿ. ಅಪ್ಪಾಜಿ ಬಂದು ಸಿಸ್ಟರ್ ಎದುರು ಕೈಕಟ್ಟಿ ನಿಂತಾಗ ಆಕೆ ನನ್ನ ತಲೆ ಮುಟ್ಟಿ, "ಶಿ ಮೇ ಯೆಟ್ ಲರ್ನ್" ಎಂದಿದ್ದರು. ಕಲಿತರೂ ಕಲಿತಾಳು, ಕಾಲ ಮೀರಿಲ್ಲ ಎಂದು. ಇದನ್ನು ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟರು.

"ಯೆಟ್ ವಿದೌಟ್ ನಾಟ್, ಮೇಡಂ?"

"ಯೆಸ್. ಮೇ ಯೆಟ್. ವೆನ್ ದೇರ್ ಈಸ್ ಹೋಪ್."

ಅವರು ಅದನ್ನು ಬಾಯಲ್ಲೇ ಎರಡು ಸಲ ಆಡಿಸಿಕೊಂಡರು, ಹೊಸ ತಿಂಡಿಯ ರುಚಿ ನೋಡುವವರ ಹಾಗೆ. ಮುಂದಿನ ಜೂನ್‌ನಲ್ಲಿ ನಾನು "ಎನಿ ನ್ಯೂಸ್?" ಅಂದಾಗ ಎದ್ದು ನಿಂತು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಾ, "ಇಟ್ ಮೇ ಯೆಟ್ ಕಮ್, ಮೇಡಂ" ಎಂದರು. ನನಗೆ ಅಂದು ಯಾಕೋ ಖುಷಿಯಾಯಿತು. ಅಲ್ಲಿಂದ ಮುಂದೆ ಅದೇ ಅವರ ಉತ್ತರ.

ನಾನು ರಿಟೈರ್ ಆದಾಗ ನಮಗೆಲ್ಲ ಒಂದೇ ಲೆಕ್ಕಾಚಾರ ಇತ್ತು. ನನ್ನ ಅಪ್ರೂವ್ಡ್ ಹುದ್ದೆ ಖಾಲಿಯಾಗುತ್ತದೆ, ಅವರನ್ನು ಅಲ್ಲಿಗೆ ಕೂರಿಸಬಹುದು. ನನ್ನ ಬೀಳ್ಕೊಡುಗೆಯ ದಿನ ಸೆಕ್ರೆಟರಿ ಮೈಕಿನಲ್ಲೇ ಹೇಳಿದರು, "ಮೇಡಂ ಹೋಗೋ ದುಃಖ ಒಂದು ಕಡೆ, ನಮ್ಮ ಸರ್ ಪರ್ಮನೆಂಟ್ ಆಗೋ ಸಂತೋಷ ಒಂದು ಕಡೆ." ಅವರ ಮನೆಯವರು ಆ ದಿನ ಹೊಸ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಸನ್ಮಾನದ ಶಾಲು ಹೊದ್ದು ಅವರನ್ನೇ ನೋಡುತ್ತಿದ್ದೆ.

ಆಗಲಿಲ್ಲ. ಖಾಲಿ ಹುದ್ದೆ ತುಂಬುವುದಕ್ಕೆ ತಡೆ ಬಂತು. ತಡೆ ತೆಗೆಯುವ ಹೊತ್ತಿಗೆ ಮಕ್ಕಳ ಸಂಖ್ಯೆ ಸಾಲದು ಎಂದಾಯಿತು, ಊರಿನಲ್ಲಿ ಟೈ ಕಟ್ಟುವ ಶಾಲೆಗಳು ಎರಡು ಮೂರು ಎದ್ದಿದ್ದವು. ಆಮೇಲೆ ಜಿಲ್ಲೆಯೇ ಎರಡಾಯಿತು, ಫೈಲು ಯಾವ ಕಡೆಯ ಪಾಲಿಗೆ ಹೋಯಿತೋ ಕೇಳಿದವರಿಗೆ ಸರಿಯಾಗಿ ಹೇಳುವವರಿರಲಿಲ್ಲ. ಯಾರನ್ನು ಬೈಯಬೇಕು? ಪ್ರತಿಯೊಬ್ಬರೂ ಸೌಜನ್ಯದಿಂದಲೇ ಮಾತಾಡಿಸಿದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅದೇ ಹೆಚ್ಚು ಸುಸ್ತು ಮಾಡುವ ವಿಷಯ.

ನಾನು ಮನೆಯಲ್ಲಿ ಕೂತ ಮೇಲೂ ಆಗೀಗ ಸಂತೆಯಲ್ಲಿ ಸಿಗುತ್ತಿದ್ದರು, ಈರುಳ್ಳಿ ಆರಿಸುತ್ತಾ. "ಎನಿ ನ್ಯೂಸ್?" "ಇಟ್ ಮೇ ಯೆಟ್ ಕಮ್, ಮೇಡಂ." ಸಂತೆಯ ಗದ್ದಲದಲ್ಲಿ ಇಬ್ಬರು ಮುದುಕರು ಹೀಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಈರುಳ್ಳಿಯವಳು ಬಾಯಿ ಬಿಟ್ಟು ನೋಡುತ್ತಿದ್ದಳು. ಒಮ್ಮೆ ಅವಳು, "ಏನಂತ್ರಿ ಸರ್ರು?" ಎಂದು ನನ್ನನ್ನು ಕೇಳಿದಳು. "ಬರ್ತೈತಂತ" ಅಂದೆ. "ಏನು, ಮಳಿಯೇನ್ರಿ?" ಅಂದಳು. ಅವರು ಅಂಗೈ ಅಡ್ಡ ಹಿಡಿದು ನಕ್ಕರು.

ಅರವತ್ತು ತುಂಬಿದಾಗ ಅವರಿಗೆ ಬೀಳ್ಕೊಡುಗೆ ಆಗಲಿಲ್ಲ. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಹೌ ಕ್ಯಾನ್ ಐ ರಿಟೈರ್, ಮೇಡಂ? ಐ ಹ್ಯಾವ್ ನಾಟ್ ಯೆಟ್ ಜಾಯಿನ್ಡ್" ಎಂದರು. ಜೋಕೇ. ಆದರೆ ನಗುವಾಗ ಈ ಸಲ ಕೈ ಬಾಯಿಗೆ ಹೋಗಲಿಲ್ಲ. ಆಮೇಲೂ ಅವರು ಶಾಲೆಗೆ ಹೋಗುತ್ತಲೇ ಇದ್ದರು, ಬೇರೆ ಮೇಷ್ಟರು ಸಿಗುವವರೆಗೆ ಎಂದು ಸೆಕ್ರೆಟರಿಯ ಮಗ ಕೇಳಿಕೊಂಡಿದ್ದನಂತೆ. ಮಂಡಿ ನೋವು ಬಂದು ಶಾಲೆಯ ಮುಂದಿನ ಮೆಟ್ಟಿಲು ಹತ್ತುವುದು ಆಗದೆ ಹೋದಾಗ ಬಿಟ್ಟರು. ಬಿಟ್ಟರು ಎಂದು ಯಾರೂ ಬರೆದುಕೊಳ್ಳಲಿಲ್ಲ.

ಸುದ್ದಿ ಕೇಳಿದ ಎರಡು ದಿನಕ್ಕೆ ನಾನು ಅವರ ಮನೆಗೆ ಹೋದೆ. ಬಾಡಿಗೆಯ ಮನೆ, ಹೊರಗೆ ತುಳಸಿಯ ಬದಲು ಒಂದು ಡಬ್ಬಿಯಲ್ಲಿ ದೊಡ್ಡಪತ್ರೆ. ಅವರ ಮನೆಯವರು ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಏಳಲು ಹೋದರು, ನಾನೇ ಪಕ್ಕದಲ್ಲಿ ಕೂತೆ. ಅಡುಗೆಮನೆಯಲ್ಲಿ ಮಗಳು ಯಾರಿಗೋ ಚಹಾ ಸೋಸುತ್ತಿದ್ದಳು.

"ಮೇಡಮ್ಮಾರ" ಎಂದರು ಆಕೆ. "ನೀವು ದೊಡ್ಡ ಸಾಲಿ ಓದಿದವರು, ನಿಮಗ ಗೊತ್ತಿರ್ತೈತಿ. ಅದು ಇನ್ನೂ ಬರಬಹುದೇನ್ರಿ?"

ಯಾವುದು ಎಂದು ನಾನು ಕೇಳಲಿಲ್ಲ. ಮೇ ಯೆಟ್ ಎಂದು ಮನಸ್ಸು ತಾನಾಗಿಯೇ ಅನುವಾದ ಮಾಡಿಕೊಂಡಿತು, ನನ್ನ ಕೆಟ್ಟ ಅಭ್ಯಾಸ. "ನನಗ ಬಂದ್ರೇನು ಬಿಟ್ರೇನ್ರಿ" ಎಂದರು ಆಕೆ ಮತ್ತೆ. "ಅವರು ಮೇಷ್ಟರಾಗಿದ್ರು ಅಂತ ಒಂದು ಕಡೆ ಬರೆದಿರ್ಲಿ ಅಂತ."

ನಾನು ಅವರ ಕೈ ಹಿಡಿದುಕೊಂಡೆ. ಮಗಳು ಚಹಾ ತಂದಿಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು, ಕುಡಿದೆ.

ಬರುವಾಗ ಹಾದಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದದ್ದು ಅವರನ್ನು ಕೊನೆಯ ಸಲ ನೋಡಿದ ದಿನ. ಈ ಬೇಸಿಗೆಗೆ ಮುಂಚೆ, ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ. ನಾನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದು, ಕೊಟ್ಟೂರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಅವರು ಗುಡೇಕೋಟೆಗೆ ಹೋಗಿ ಬಂದು ಹರಪನಹಳ್ಳಿಯ ಮಗಳ ಮನೆಗೆ ಹೋಗುವವರು, ಕೆಳಗೆ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಅದೇ ಉದ್ದ ತೋಳಿನ ಅಂಗಿ, ಗುಂಡಿ ಹಾಕಿದ್ದು. ನನ್ನನ್ನು ನೋಡಿ ಎದ್ದು ಕಿಟಕಿಯ ಹತ್ತಿರ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಲೆಯೆತ್ತಿ ನಿಂತರು. ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ.

"ಎನಿ ನ್ಯೂಸ್?" ಎಂದೆ, ಅಭ್ಯಾಸ ಬಲ.

ಅವರು ಕಿಟಕಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಆಮೇಲೆ, ನಮ್ಮಿಬ್ಬರ ಅಷ್ಟು ವರ್ಷಗಳ ಪರಿಚಯದಲ್ಲಿ ಮೊಟ್ಟಮೊದಲ ಸಲ, ನನ್ನೊಡನೆ ಕನ್ನಡದಲ್ಲಿ ಮಾತಾಡಿದರು.

"ಇನ್ನೂ ಇಲ್ರಿ, ಮೇಡಂ."

ಯಾವ ಇನ್ನೂ, ಯೆಟ್ಟೋ ಸ್ಟಿಲ್ಲೋ, ನನಗೆ ತಿಳಿಯಲಿಲ್ಲ. ಮುಖ ನೋಡಿದೆ, ಬಿಸಿಲಿತ್ತು. ಬಸ್ಸು ಅಲುಗಿತು. ಮೇಕೆಯ ಕತೆಯಲ್ಲಿ ಅವರೇ ಹೇಳಿದ್ದು ನೆನಪಾಗಿ ಕೈ ನೋಡಿದೆ. ಒಂದು ಕೈ ಹಣೆಗೆ ಅಡ್ಡ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಕೋಲಿತ್ತು, ಮಂಡಿ ನೋವಿಗೆಂದು ಡಾಕ್ಟರು ಹೇಳಿದ ಕೋಲು.